ಎಚ್‌ಎಸ್‌ಕ್ಯೂಸಿಯಲ್ಲಿ ಪೀಕ್ ಕಡಿಮೆ ಬಂದರೆ

ನಿಮ್ಮ ಬ್ಯಾಕ್ಟೀರಿಯಾ ಪ್ರೋಟೀನಿನಲ್ಲಿ 110 ಅಮೈನೋ ಆಮ್ಲಗಳಿದ್ದರೂ ನೈಟ್ರೋಜನ್-15 ಎಚ್‌ಎಸ್‌ಕ್ಯೂಸಿಯಲ್ಲಿ (ಅಂದರೆ ಸುಮಾರಾಗಿ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಪೀಕ್, ಚುಕ್ಕೆ, ತೋರಿಸುವ ಎನ್‌ಎಂಆರ್ ಎಂಬ ಕಾಂತೀಯ ಅಳತೆಯಲ್ಲಿ) 70 ಪೀಕ್ ಮಾತ್ರ ಬಂದಿವೆ, ಪ್ರೋಟೀನ್ ಹಾಳಾಯಿತಾ ಎಂದು ಕೇಳಿದ್ದೀರಿ. ಗಾಬರಿ ಬೇಡ. ಮೊದಲು ಪ್ರೋಲಿನ್ ಎಂಬ ಅಮೈನೋ ಆಮ್ಲಗಳನ್ನು ಎಣಿಸಿ ಕಳೆಯಿರಿ. ಪೀಕ್ ಬರುವುದು ಸರಪಳಿಯ ನೈಟ್ರೋಜನ್‌ಗೆ ಅಂಟಿದ ಅಮೈಡ್ ಹೈಡ್ರೋಜನ್‌ನಿಂದ; ಅವಕ್ಕೆ ಅದೇ ಇಲ್ಲ, ಪೀಕ್ ಬರುವುದಿಲ್ಲ.

ನನಗೆ ಜಾಸ್ತಿ ಅನುಮಾನ ಬಫರ್ ಮೇಲೆ, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದ ಮೇಲೆ. ಪಿಎಚ್ 8 ಅಂದಿರಿ ಅಲ್ವಾ? ಅಲ್ಲಿ ಅಮೈಡ್ ಹೈಡ್ರೋಜನ್‌ಗಳು ನೀರಿನ ಜೊತೆ ಬೇಗ ಬೇಗ ಅದಲುಬದಲಾಗುತ್ತವೆ, ಪೀಕ್ ಮಾಸಿಹೋಗುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಈ ವೇಗ ಸುಮಾರು ಹತ್ತು ಪಟ್ಟು ತಗ್ಗುತ್ತದೆ. 6.5ರ ಫಾಸ್ಫೇಟ್ ಬಫರ್‌ಗೆ ಬದಲಿಸಿ ನೋಡಿ. ಪ್ರೋಟೀನಿನ ಪಿಐ (ಅದರ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) 6.5ರ ಹತ್ತಿರವೇ ಇದ್ದರೆ ಮಾತ್ರ ಬೇಡ, ಟ್ಯೂಬಿನ ತಳದಲ್ಲಿ ಬೆಳ್ಳಗೆ ಕೂತುಬಿಡಬಹುದು.

ಪೀಕ್‌ಗಳೆಲ್ಲ ಹೈಡ್ರೋಜನ್ ಅಕ್ಷದಲ್ಲಿ 8ರಿಂದ 8.5 ಪಿಪಿಎಂ (ಪೀಕಿನ ಸ್ಥಾನದ ಅಳತೆ) ನಡುವೆ ಗುಂಪಾಗಿದ್ದರೆ ಪ್ರೋಟೀನ್ ಬಿಚ್ಚಿಕೊಂಡಿದೆ ಎಂದು ನಾನೂ ಚಿಂತೆ ಮಾಡುತ್ತಿದ್ದೆ. ನಿಮ್ಮವು 9.4ರ ತನಕ ಚೆನ್ನಾಗಿ ಹರಡಿವೆ. ಪ್ರೋಟೀನ್ ಮಡಚಿಕೊಂಡೇ ಇದೆ.