ತಲೆದಿಂಬಿನ ಪಕ್ಕದ ಬಿಸ್ಕೀಟ್ ಪುಡಾ

ಮಗುವಿನ ತಿನಿಸಿನ ವಿಷಯಕ್ಕೆ ಮಾತು ಬಿಟ್ಟ ಗಂಡ ಹೆಂಡತಿ ಹುಬ್ಬಳ್ಳಿಯ ನನ್ನ ಸಮಾಲೋಚನೆಯ ಕೋಣೆಗೆ ಮತ್ತೆ ಮತ್ತೆ ಬರುತ್ತಾರೆ. ಈ ದಂಪತಿಯ ಮಗಳಿಗೆ ಎಂಟು ವರ್ಷ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ತೂಕ ಏರುತ್ತಿದೆ ಎಂದು ಡಾಕ್ಟರು ಎಚ್ಚರಿಸಿದಾಗಿನಿಂದ ತಾಯಿ ಪ್ರತಿ ಪ್ಯಾಕೆಟ್ಟಿನ ಹಿಂಬದಿ ಓದಿ ಗಂಡನ ಮುಂದೆ ಹಿಡಿಯುತ್ತಿದ್ದರು. "ಮಗಳಿಗೆ ವಿಷಾ ತರ್ತೀರಿ" ಅನ್ನುವವರೆಗೂ ಹೋಗಿತ್ತು.

ಎರಡನೇ ಭೇಟಿಗೆ ತಂದೆಯೂ ಬಂದರು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಡ್ಯೂಟಿ ಮುಗಿಸಿ ಮನಿ ಮುಟ್ಟೂದ್ರಾಗ ರಾತ್ರಿ ಹನ್ನೊಂದಾಗತೈತ್ರಿ ಮೇಡಂ. ಕೂಸು ಮಲಗಿರತೈತಿ. ತಲಿದಿಂಬಿನ ಬಾಜೂಕ ಒಂದು ಬಿಸ್ಕೀಟ್ ಪುಡಾ ಇಡ್ತೀನಿ. ಮುಂಜಾನೆ ಅದನ್ನ ನೋಡಿದ್ರ ಅಪ್ಪ ಬಂದಿದ್ದ ಅಂತ ಗೊತ್ತಾಗತೈತಿ. ಅದನ್ನೂ ಬಿಡು ಅಂದ್ರ ಹೆಂಗ್ರಿ?"

ಹೆಂಡತಿ ತಲೆ ತಗ್ಗಿಸಿದರು. ಆ ಮಾತು ಅವರೂ ಮೊದಲ ಸಲ ಕೇಳುತ್ತಿದ್ದರು.

ತಾಯಿ ತಂದಿದ್ದ ಕ್ರೀಮ್ ಬಿಸ್ಕೀಟಿನ ಪುಡಾವನ್ನು ತಂದೆಯ ಕೈಗೇ ಕೊಟ್ಟೆ. ಹಿಂಬದಿಯ ಸಕ್ಕರೆಯ ಸಾಲು ನೋಡಿ "ಹದಿನೆಂಟು ಪರ್ಸೆಂಟ್ ಅಷ್ಟ ಐತಲ್ರಿ" ಎಂದರು. ಅದು 25 ಗ್ರಾಂನ ಒಂದು ಸರ್ವಿಂಗಿನ, ಅಂದರೆ ಒಂದು ಸಲಕ್ಕೆ ತಿನ್ನುವಷ್ಟರ ಲೆಕ್ಕ. ಪುಡಾ ಇದ್ದದ್ದು 75 ಗ್ರಾಂ. ಶೇಕಡಾ ಹಾಕುವುದೂ ದಿನಕ್ಕೆ 2000 ಕಿಲೊಕ್ಯಾಲರಿ ಉಣ್ಣುವ ದೊಡ್ಡವರ 50 ಗ್ರಾಂ ಸಕ್ಕರೆಯ ಮಿತಿಗೆ. 100 ಗ್ರಾಂ ಅಂಕಣದಲ್ಲಿ ಸಕ್ಕರೆ 36 ಗ್ರಾಂ ಇತ್ತು. ಅಂದರೆ ಇಡೀ ಪುಡಾದಲ್ಲಿ 27 ಗ್ರಾಂ, ನಾಲ್ಕು ಗ್ರಾಂನ ಚಮಚೆಯಲ್ಲಿ ಹೆಚ್ಚುಕಡಿಮೆ ಏಳು. ಚಹಾಕ್ಕೆ ಇಟ್ಟಿದ್ದ ಸಕ್ಕರೆ ಡಬ್ಬಿ ಮುಂದಿಟ್ಟೆ, ಅವರೇ ಅಳೆದು ತಾಟಿಗೆ ಸುರಿದರು. ಐದನೆಯ ಚಮಚೆಗೆ ಕೈ ನಿಧಾನವಾಯಿತು.

ಪುಡಾ ಪೂರ್ತಿ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಮೆತ್ತಗಾದೆ ಎಂದು ಯಾರಾದರೂ ಅಂದರೆ ಅನ್ನಲಿ. ಅಪ್ಪ ಬಂದಿದ್ದ ಎಂಬ ಗುರುತು ಮಗುವಿಗೆ ಬೇಕು, ಅದು ಸಕ್ಕರೆಯದೇ ಆಗಬೇಕಿಲ್ಲ. ವಾರದ ರಾತ್ರಿಗಳಿಗೆ ಪೇರಲವೋ ಬಾಳೆಹಣ್ಣೋ. ಶನಿವಾರ ಪುಡಾ ಇರಲಿ, ಮನೆಮಂದಿ ಹಂಚಿಕೊಂಡು ತಿನ್ನಲಿ. ಓದುವ ಕೆಲಸವನ್ನು ತಂದೆಗೆ ವಹಿಸಿದೆ, ಅದೂ ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲು. ಕೊಂಡು ತಂದದ್ದನ್ನು ಮನೆಯಲ್ಲಿ ಓದಿದರೆ ಅದು ತಂದವರ ಮೇಲಿನ ದೂರಾಗುತ್ತದೆ. ಲೇಬಲ್ ಇಂಗ್ಲಿಷಿನಲ್ಲಿದ್ದರೆ ಆ್ಯಡೆಡ್ ಶುಗರ್ಸ್ (ಸೇರಿಸಿದ ಸಕ್ಕರೆ), ಸೋಡಿಯಂ (ಉಪ್ಪಿನಂಶ) ಎಂಬ ಎರಡು ಸಾಲು ಗುರುತಿಸಿದರೆ ಶುರುವಿಗೆ ಸಾಕು. ಎರಡು ಪ್ಯಾಕೆಟ್ ಪಕ್ಕಪಕ್ಕ ಹಿಡಿದು 100 ಗ್ರಾಂ ಅಂಕಣವನ್ನೇ ಹೋಲಿಸಬೇಕು. ಪದಾರ್ಥಗಳ ಪಟ್ಟಿಯನ್ನು ತೂಕ ಹೆಚ್ಚಿದ್ದರಿಂದ ಕಡಿಮೆಗೆ ಬರೆದಿರುತ್ತಾರೆ. ಶನಿವಾರದ ಪುಡಾ ಬಿಟ್ಟರೆ, ಮೊದಲ ಮೂರರಲ್ಲಿ ಸಕ್ಕರೆ ಇರುವುದನ್ನು ವಾಪಸ್ ಇಡಬೇಕು.

ತಾಯಿಗೆ ಹೇಳಿದ್ದು ಒಂದೇ: ತಿಂಗಳ ಮಟ್ಟಿಗೆ ಲೇಬಲ್ ಮುಟ್ಟಬೇಡಿ.

ಮೂರು ವಾರದ ನಂತರ ತಂದೆ ಒಬ್ಬರೇ ಬಂದರು. ಪೇರಲ ಇಟ್ಟ ಮೊದಲ ಮುಂಜಾನೆ ಮಗಳು ಅತ್ತಿದ್ದಳಂತೆ. ನಾಲ್ಕನೆಯ ದಿನ ಅರ್ಧ ಕಚ್ಚಿ, ಉಳಿದರ್ಧ ಅಪ್ಪನ ದಿಂಬಿನ ಪಕ್ಕ ಇಟ್ಟಿದ್ದಳು.