ಬೆಳಗ್ಗೆ ಹುಳಿ, ಸಂಜೆ ಸಪ್ಪೆ

ಪ್ರಶ್ನೆ: ಗಿಡ ಹಗಲು ಎಲೆಯ ರಂಧ್ರ ತೆರೆದು ಆಹಾರ ಮಾಡಿಕೊಳ್ಳುತ್ತದೆ ಎಂದು ಮಗಳ ಪಾಠದಲ್ಲಿದೆ. ನಮ್ಮ ಬದುವಿನ ಪಾಪಾಸುಕಳ್ಳಿಗೆ ಎಲೆಯೇ ಇಲ್ಲ, ಆದರೂ ಏಪ್ರಿಲ್ ಬಿಸಿಲಲ್ಲಿ ಹಸಿರಾಗಿದೆ. ಹೇಗೆ?
– ಓದುಗರು, ಇಂಡಿ ತಾಲ್ಲೂಕು

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ಕಳ್ಳಿಯ ಆ ಚಪ್ಪಟೆ ಹಾಳೆ ಅದರ ಕಾಂಡ. ಪತ್ರಹರಿತ್ತು ಇರುವುದು ಅಲ್ಲೇ. ಬೆಳಕಿನ ಬಲದಿಂದ ನೀರನ್ನು ಒಡೆದು, ಆಮ್ಲಜನಕ ಹೊರಬಿಟ್ಟು, ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಕಟ್ಟುವ ಕೆಲಸ ಜೋಳಕ್ಕೂ ಕಳ್ಳಿಗೂ ಒಂದೇ. ಬೇರೆಯಾಗಿರುವುದು ವೇಳೆ.

ನಮ್ಮ ವಿಜಯಪುರದ ಬಿಸಿಗಾಳಿಗೆ ಹಗಲು ರಂಧ್ರ ತೆರೆದರೆ ಒಳಗಿನ ನೀರು ಆರಿಹೋಗುತ್ತದೆ. ಅದಕ್ಕೇ ಕಳ್ಳಿ ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ಮ್ಯಾಲಿಕ್ ಆಮ್ಲವಾಗಿ ಮಾಡಿ ಜೀವಕೋಶದ ರಸದಾನಿಯಲ್ಲಿ, ಅಂದರೆ ಒಳಗಿನ ರಸದ ಚೀಲದಲ್ಲಿ, ಕೂಡಿಡುತ್ತದೆ. ಹಸಿ ಸೇಬಿನ ಹುಳಿಯೂ ಅದೇ ಆಮ್ಲ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಅದನ್ನು ಒಡೆದು, ಬಂದ ಇಂಗಾಲದಿಂದ ಒಳಗೇ ಸಕ್ಕರೆ ಮಾಡುತ್ತದೆ. ಕೂಡಿಟ್ಟಷ್ಟೇ ಅಡುಗೆ, ಹಾಗಾಗಿ ಬೆಳವಣಿಗೆ ನಿಧಾನ.

ಈ ಹುಳಿಯ ಏರಿಳಿತವನ್ನು ನಾಲಿಗೆಯಿಂದಲೇ ಕಂಡುಕೊಂಡವರು ಬೆಂಜಮಿನ್ ಹೇನ್, ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ. ಕಳ್ಳಿಯಂತೆಯೇ ರಾತ್ರಿ ಆಮ್ಲ ಕೂಡಿಡುವ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಅವರು ಬರೆದ ಪತ್ರ 1815ರಲ್ಲಿ ಅಚ್ಚಾಯಿತು. ಗಿಡದ ಮೂಲ ಮಡಗಾಸ್ಕರ್ ಆದರೂ, ನಮ್ಮ ಭಾರತದಲ್ಲಿ ಕೆಲಸ ಮಾಡಿದವರು ಅಗಿದು ತಿಳಿದ ಸಂಗತಿ ಎಂಬುದು ನನಗೆ ಇವತ್ತಿಗೂ ಹೆಮ್ಮೆ.

ನಮ್ಮ ಹಿತ್ತಲ ಕುಂಡದಲ್ಲೂ ಕಾಡುಬಸಳೆ ಇದೆ. ಹಾಲು ತರಲು ಹೋಗುವ ಮುಂಚೆ ಒಂದು ಚೂರು ಅಗಿದರೆ ಹುಣಸೆ ಚಿಗುರಿನಂತೆ ಹಲ್ಲು ಚುಳ್ಳೆನ್ನುತ್ತದೆ. ಸಂಜೆ ಅದೇ ಗಿಡದ ಎಲೆ ಬರೀ ನೀರು ನೀರು. ಮಗಳಿಗೆ ಹುಳಿ ತಾಗಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದ ಕೊಡಿಸಿ, ಎರಡೂ ಹೊತ್ತಿನ ರಸ ಹಚ್ಚಿ ನೋಡಲಿ. ಎಲೆಯಲ್ಲಿ ವಿಷಾಂಶವಿದೆ, ನನ್ನಂತೆ ಅಗಿಯಲು, ತಿನ್ನಲು ಬಿಡಬೇಡಿ.