ಹವಾಯಿಯಲ್ಲಿ ಕಾಮನಬಿಲ್ಲು ಕಂಡರೆ ಶುಭವೋ ಅಶುಭವೋ?

ಸುಮ್ನೆ ಶುಭ ಅಂದುಬಿಟ್ಟರೆ ಅರ್ಧ ಮಾತಾಗುತ್ತದೆ. ಅಲ್ಲಿನ ಹಳೆಯ ನಂಬಿಕೆಯಲ್ಲಿ ಕಾಮನಬಿಲ್ಲು, ಅಂದರೆ 'ಆನುಎನುಎ', ಹೆಚ್ಚಾಗಿ ಒಂದು ಗುರುತು: ಹತ್ತಿರದಲ್ಲಿ ದೇವರೋ ಅರಸುಕುಲದವರೋ ಇದ್ದಾರೆ ಎಂದು.

ಲಾಇಎಇಕವಾಯ್ ಎಂಬ ರಾಜಕುವರಿಯ ಕಥೆಯನ್ನೇ ನೋಡಿ. ಹೆಣ್ಣು ಹುಟ್ಟಿದರೆ ಕೊಲ್ಲುತ್ತೇನೆ ಎಂದಿದ್ದ ಅಪ್ಪನಿಂದ ಮಗುವನ್ನು ಬಚ್ಚಿಡುತ್ತಾರೆ. ಆದರೆ ಅವಳಿರುವ ಕಡೆ ಮೇಲೆ ಕಾಮನಬಿಲ್ಲು ಮೂಡುತ್ತದೆ, ಗುಟ್ಟು ಉಳಿಯುವುದು ಹೇಗೆ ಅಲ್ವಾ? ಒಬ್ಬ ಕಣಿ ಹೇಳುವವನು ಅದರ ಜಾಡು ಹಿಡಿದೇ ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ.

ಬಿಲ್ಲಿನ ರೂಪಕ್ಕೆ ತಕ್ಕಂತೆ ಹೆಸರುಗಳೂ ಬೇರೆ. ನೆಲಕ್ಕಂಟಿದಂತೆ ಕಾಣುವುದು 'ಉಅಕೊಕೊ'. ಕಂಬದಂತೆ ನಿಂತದ್ದು 'ಕಾಹಿಲಿ'. ಅಲ್ಲಿನ ಅರಸರ ಪಕ್ಕ ಹಿಡಿಯುತ್ತಿದ್ದ ಗರಿಯ ದಂಡಕ್ಕೂ ಇದೇ ಹೆಸರು, ಹೆಚ್ಚುಕಮ್ಮಿ ನಮ್ಮ ಚಾಮರದ ಹಾಗೆ.